ನಾಯಕರ ಕೆನ್ನೆಯ ಗಾಯ

ಕಲ್ಲುಗುಡ್ಡದ ಪಾಳೇಗಾರ ದೊಡ್ಡೀರನಾಯಕರಿಗೆ ಮೀಸೆಯ ಎರಡೂ ತುದಿ ಕಾಣುವಂತೆ ತಮ್ಮ ಮುಖವಿರುವ ನಾಣ್ಯ ಬೇಕೆನಿಸಿತು. ಟಂಕಸಾಲೆಯಲ್ಲಿ ಹಗಲೆಲ್ಲ ಸುತ್ತಿಗೆ ಸದ್ದು. ಸಂಜೆಗೆ ನಾಣ್ಯಗಳು ಪೇಟೆ ಸೇರಿದವು. ಮರುದಿನ ನಾಯಕರು ಒಂದನ್ನು ಕೈಗೆತ್ತಿಕೊಂಡು ನೋಡುತ್ತಾರೆ, ಕಣ್ಣಿನ ಕೆಳಗಿಂದ ಗದ್ದದವರೆಗೆ ದಪ್ಪ ಗೆರೆ!

ನಾಣ್ಯ ಹೊಡೆದ ಆಳನ್ನು ಎಳೆದು ತರಿಸಿದರು. "ನನ್ನ ಮುಖ ಕೆಡಿಸಿದೆಯಲ್ಲೋ! ಕೈ ಕಡಿಸ್ತೀನಿ ನಿಂದು."

ಆಳಿಗೆ ನೋಡಿದೊಡನೆ ಗೊತ್ತಾಯಿತು. ಅಚ್ಚು ಬಿರುಕು ಬಿಟ್ಟಿದೆ. ಆ ಬಿರುಕೇ ನಾಣ್ಯದ ಮೇಲೆ ಗೆರೆಯಾಗಿ ಎದ್ದಿದೆ. ಹಾಗಂತ ಹೇಳಿದರೆ ಕೈ ಉಳಿಯುತ್ತದೆಯೇ?

"ತಪ್ಪಾಯ್ತು ಬುದ್ಧಿ," ಎಂದ. "ಈಗಲೇ ಎಲ್ಲಾ ಕರಗಿಸಿಬಿಡ್ತೀನಿ. ಪೇಟೆಯವರು ಪಾಪ, ಬೇಜಾರು ಮಾಡ್ಕೊಳ್ತಾರೆ, ಅಷ್ಟೆ."

"ಅವರಿಗೇನಂತೆ ಬೇಜಾರು?"

"ಇದು ಯಾವ ಕಾಳಗದ ಗಾಯವೋ, ನಮ್ಮ ನಾಯಕರು ಎಂಥಾ ಗಂಡುಗಲಿಯೋ ಅಂತ ಮಾತಾಡ್ಕೊಳ್ತಿದ್ದಾರೆ ಬುದ್ಧಿ."

ನಾಯಕರು ಕಾಳಗ ಕಂಡವರೇ ಅಲ್ಲ. ನಾಣ್ಯವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಕೈ ತಾನಾಗಿ ಮೀಸೆಗೆ ಹೋಯಿತು. "ಕರಗಿಸೋದೇನೂ ಬೇಡ," ಎಂದರು. ಆಳಿಗೊಂದು ರೇಷ್ಮೆ ರುಮಾಲೂ ಸಿಕ್ಕಿತು.

ದಸರೆಯ ಹೊತ್ತಿಗೆ ಆ ಕಾಳಗದ ಕಥೆಯನ್ನು ನಾಯಕರೇ ಎಲ್ಲರಿಗೂ ಹೇಳತೊಡಗಿದ್ದರು. ಆಗಲೇ ಹಳೆ ಅಚ್ಚು ಪೂರಾ ಒಡೆದುಹೋಯಿತು. ಹೊಸ ಅಚ್ಚಿನಲ್ಲಿ ನಾಯಕರ ಮುಖ ನುಣ್ಣಗೆ ಬಂತು.

"ನನ್ನ ಗಾಯ ಎಲ್ಲೋ?" ನಾಯಕರು ಗುಡುಗಿದರು.

"ಈಗಲೇ ಹಾಕ್ತೀನಿ ಬುದ್ಧಿ. ಯಾವ ಕೆನ್ನೆಗೆ?"

ನಾಯಕರು ಎರಡೂ ಕೆನ್ನೆ ಸವರಿಕೊಂಡರು. ಆಮೇಲೆ ಮೆಲ್ಲಗೆ ಸೊಂಟದ ಚೀಲದಿಂದ ಹಳೇ ನಾಣ್ಯ ತೆಗೆದು ನೋಡಿಕೊಂಡರು.