ಅಧ್ಯಕ್ಷರ ಫೋಟೋ, ಡಿಲೀಟ್ ಬಟನ್

ಗದಗದ ಕಡೆ ಒಂದು ಕಲಾವಿದರ ಸಂಘ. ಅದರ ವೆಬ್‌ಸೈಟಿನಲ್ಲಿ ಡೊಳ್ಳಿನವರು, ಶಹನಾಯಿಯವರು, ಒಬ್ಬೊಬ್ಬರಿಗೂ ಒಂದೊಂದು ಪುಟ. ಅದನ್ನು ನೋಡಿಯೇ ಜನ ಅವರನ್ನು ಕಾರ್ಯಕ್ರಮಕ್ಕೆ ಕರೆಯುವುದು. ಅಧ್ಯಕ್ಷ ವಿರೂಪಾಕ್ಷಗೌಡರಿಗೆ ಯಾರಾದರೂ ನಮಸ್ಕಾರ ಮರೆತರೆ ಸಾಕು, ವೆಬ್‌ಸೈಟಿನ ಅಡ್ಮಿನ್ ಭಾಗಕ್ಕೆ ಹೊಕ್ಕು ಅವರ ಪುಟವನ್ನೇ ಡಿಲೀಟ್ ಮಾಡಿಬಿಡುತ್ತಿದ್ದರು.

ಒಂದು ದಿನ ಗುಮಾಸ್ತೆ ನೀಲವ್ವನಿಗೆ ಅಪ್ಪಣೆಯಾಯಿತು: "ಅಡ್ಮಿನ್‌ನ್ಯಾಗ ನಾ ಎಲ್ಲಿ ಕೈ ಇಟ್ರೂ ನನ್ನ ಫೋಟೋ ಕಾಣಬೇಕು."

"ಆತ್ರೀ ಸಾಹೇಬ್ರ."

ನೀಲವ್ವನಿಗೆ ಮೊದಲೇ ಕೆದಕಿ ನೋಡುವ ಚಟ. ಒಂದೊಂದು ಬಟನ್ನಿನ ಹಿಂದೆಯೂ ಗೋಡೆಯ ಮೊಳೆಯಂಥ ಒಂದು 'ಹುಕ್' ಇರುತ್ತದೆ, ಅದಕ್ಕೆ ನಮ್ಮ ಕೋಡ್ ತಗುಲಿಸಿದರೆ ಬಟನ್ ಒತ್ತಿದಾಗ ನಾವು ಹೇಳಿದ್ದೇ ನಡೆಯುತ್ತದೆ ಎಂದು ಕಂಡುಕೊಂಡಳು. ಎಲ್ಲ ಹುಕ್ಕಿಗೂ ಫೋಟೋ ತೂಗುಹಾಕಿದಳು. ಒಂದು ಕಡೆ ಮಾತ್ರ ತುಸು ಸಿಂಗರಿಸಿದಳು.

ಮರುದಿನ ಗೌಡರು ಮುದುಕ ಡೊಳ್ಳಿನ ಬೀರಪ್ಪನ ಪುಟ ತೆಗೆಯಲು ಕೂತು ಡಿಲೀಟ್ ಒತ್ತಿದರು. ಫೋಟೋ ಬಂತು. ಅದಕ್ಕೆ ದಪ್ಪನೆಯ ಚೆಂಡುಹೂವಿನ ಹಾರ, ಮುಂದೊಂದು ಉರಿಯುವ ದೀಪ, ಕೆಳಗೆ "ಮುಂದುವರಿಯಲೇ?" ಎಂಬ ಪ್ರಶ್ನೆ.

ಗೌಡರು ಚೇಳು ಕಡಿದವರಂತೆ ಕೈ ಎಳೆದುಕೊಂಡರು. "ಏ ನೀಲವ್ವಾ! ನಾ ಇನ್ನಾ ಜೀವಂತ ಅದೀನಿ! ಹಾರ ತೆಗಿ!"

"ಡಿಲೀಟ್ ಒತ್ತಿದಾಗಷ್ಟ ಹಾರ ಬೀಳತೈತ್ರೀ ಸಾಹೇಬ್ರ," ಎಂದಳು ನೀಲವ್ವ. "ಒತ್ತಲಿಲ್ಲಾಂದ್ರ ನಿಮಗ ನೂರು ವರ್ಷ ಆಯುಷ್ಯ."