ಮೇಕೆ ಏರಿದ ಇರುವೆಗಳು

ಇರುವೆಗಳ ಹಳೆಯ ಗೂಡಿನಲ್ಲಿ ಮರಿಗಳೂ ಕಾಳುಗಳೂ ಒಂದೇ ಕಡೆ ಇದ್ದವು. ಇದು ಅಂದವಲ್ಲವೆಂದು ಯಜಮಾನ ಇರುವೆ ಹೊಸ ಬಡಾವಣೆ ಮಾಡಿಸಿತು. ಮರಿಗಳು ಹುಣಸೆಮರದ ಬುಡಕ್ಕೆ ಹೋದವು, ಕಾಳು ಹೊಲದಾಚೆಯ ಬೇಲಿಗೆ ಹೋಯಿತು. ನಡೆದು ಹೋದರೆ ಸಂಜೆಯಾಗುತ್ತಿತ್ತು. ಹಾಗಾಗಿ ಇರುವೆಗಳೆಲ್ಲ ಅಲ್ಲೇ ಮೇಯುವ ಮೇಕೆಯ ಬೆನ್ನೇರಿ ಓಡಾಡತೊಡಗಿದವು.

ಒಂದು ದಿನ ಮೇಕೆ ಮೈ ಕೊಡವಿತು. "ನಿಮ್ಮ ಕಾಲುಗಳೇನು ಬಿದ್ದುಹೋಗಿವೆಯೇ?"

ನೆಲಕ್ಕೆ ಬಿದ್ದ ದಾದಿ ಇರುವೆ ಎದ್ದು ಕುಳಿತಿತು. "ಆರೂ ಇವೆ, ಮೇಕೆಯಕ್ಕಾ. ಮರಿಗಳು ಬೆಳಗಿನಿಂದ ಉಪವಾಸ. ನಾವು ಯಾವಾಗ ಇಷ್ಟು ಸೋಮಾರಿಗಳಾದೆವೋ ಗೊತ್ತಾಗುತ್ತಿಲ್ಲ."

"ಸೋಮಾರಿತನವೇ!" ಎಂದಿತು ಅದನ್ನು ಕೇಳಿಸಿಕೊಂಡ ಯಜಮಾನ. "ನಡಿಗೆಯ ಮಹತ್ವದ ಬಗ್ಗೆ ನಾಳೆ ಬೇಲಿಯ ಹತ್ತಿರ ಭಾಷಣವಿದೆ. ಎಲ್ಲರೂ ಬರಬೇಕು."

"ಅಷ್ಟು ದೂರ ಹೇಗೆ ಬರುವುದು, ಯಜಮಾನರೇ?" ಎಂದಿತು ದಾದಿ.

"ಇನ್ನೊಂದು ಮೇಕೆಗೆ ಹೇಳಿದ್ದೇನೆ."

ದಾದಿಗೆ ಭಾಷಣದವರೆಗೆ ಕಾಯಲಾಗಲಿಲ್ಲ. ಮರಿಗಳನ್ನೇ ಹೊತ್ತುಕೊಂಡು ಹೋಗಿ ಕಾಳಿನ ಪಕ್ಕ ಇಟ್ಟಿತು. ಅವು ಉಂಡು ಮಲಗಿದವು.

ಮರುದಿನ ಯಜಮಾನ ಬಂದು ನೋಡಿ, ಬಡಾವಣೆಯ ಅಂದ ಕೆಟ್ಟಿತೆಂದು ದಾದಿಯನ್ನು ಕೆಲಸದಿಂದ ತೆಗೆಯಿತು; ಮರಿಗಳನ್ನು ಹುಣಸೆಮರಕ್ಕೆ ವಾಪಸ್ಸು ಸಾಗಿಸಲು ಹೇಳಿತು. ತಾನು ಮಾಡಿದ ತಪ್ಪೇನೆಂದು ದಾದಿ ಎಲ್ಲರನ್ನೂ ಕೇಳಿತು. ಯಾರಿಗೂ ತಿಳಿದಿರಲಿಲ್ಲ, ಆದರೆ ತಪ್ಪೆಂಬುದನ್ನು ಎಲ್ಲರೂ ಒಪ್ಪಿದರು.