ಕರಿಗುಡ್ಡದ ಹೆಗ್ಗಣಗಳ ಪಾಲು

ಒಂದು ದಟ್ಟ ಕಾಡಿನ ನಡುವೆ ಕರಿಗುಡ್ಡ ಎಂಬ ಗುಡ್ಡವಿತ್ತು. ಅದರ ಬುಡದಲ್ಲಿ ಹೆಗ್ಗಣಗಳ ಹಟ್ಟಿ. ತಲೆತಲಾಂತರದಿಂದ ಅವು ಗುಡ್ಡದೊಳಗೆ ಸುರಂಗ ಕೊರೆದು ಕಲ್ಲಿದ್ದಲು ತೆಗೆಯುತ್ತಿದ್ದವು. ಚಳಿಗಾಲದಲ್ಲಿ ಕಾಡಿಗೆಲ್ಲ ಅದರದೇ ಬೆಂಕಿ. ಬದಲಿಗೆ ಹೆಗ್ಗಣಗಳಿಗೆ ಗೆಣಸು, ಬಿದಿರಕ್ಕಿ ಸಿಗುತ್ತಿತ್ತು.

ಆದರೆ ವರ್ಷದಿಂದ ವರ್ಷಕ್ಕೆ ಹೊಗೆ ಹೆಚ್ಚಿತು. ಜಿಂಕೆಮರಿಗಳು ಕೆಮ್ಮತೊಡಗಿದವು. ಹಕ್ಕಿಗಳು ಗೂಡು ಬಿಟ್ಟು ಹೋದವು. ಕಾಡಿನ ಹಿರಿಯಳಾದ ಆನೆ ಭದ್ರಮ್ಮ ಎಲ್ಲರನ್ನೂ ಕರೆದು ಹೇಳಿದಳು: "ಇನ್ನು ಕಲ್ಲಿದ್ದಲು ಬೇಡ. ಹಗಲೆಲ್ಲ ಬಿಸಿಲಲ್ಲಿ ಕಾದ ಚಪ್ಪಡಿಗಳನ್ನು ಮನೆಯೊಳಗೆ ಗುಂಡಿಯಲ್ಲಿಟ್ಟರೆ ಬೆಳಗಿನವರೆಗೂ ಬೆಚ್ಚಗಿರುತ್ತದೆ. ಗುಂಡಿ ತೋಡುವ ಕೆಲಸ ಹೆಗ್ಗಣಗಳಿಗೇ ಇರಲಿ. ಅವರಿಗೆ ಆ ಕೆಲಸ ಕೂಡಿಬರುವವರೆಗೆ ಪ್ರತಿ ಮನೆಯಿಂದಲೂ ಅವರ ಊಟಕ್ಕೆ ಪಾಲು ಹೋಗಬೇಕು."

"ಪಾಲು ತಲುಪಿಸುವ ಕೆಲಸ ನನಗಿರಲಿ," ಎಂದು ನರಿ ಮುಂದೆ ಬಂದ.

ಹಟ್ಟಿಯಲ್ಲಿ ದ್ಯಾವಮ್ಮ ಎಂಬ ಹೆಗ್ಗಣವಿದ್ದಳು. ಸುರಂಗದ ಗೋಡೆಗೆ ಕಿವಿಯಿಟ್ಟು, ಅದು ನಿಲ್ಲುತ್ತದೋ ಕುಸಿಯುತ್ತದೋ ಹೇಳಬಲ್ಲವಳು. ಸುರಂಗ ಮುಚ್ಚಿದ ದಿನ ಅವಳಿಗೆ ಅಳು ಬಂತು. ಆದರೂ ಕೆಮ್ಮುವ ಮರಿಗಳನ್ನು ನೆನೆದು ಸುಮ್ಮನಾದಳು. ಪಾಲು ಬರುತ್ತದೆ, ಕೆಲಸ ಬರುತ್ತದೆ ಎಂದು ಕಾದಳು.

ವಾರ ಕಳೆಯಿತು, ತಿಂಗಳು ಕಳೆಯಿತು. ಬಂದಾಗಲೆಲ್ಲ ನರಿ ಬರಿಗೈ. "ಏನು ಮಾಡಲಿ ಅಕ್ಕ, ಕಾಡಿನವರು ನಿಮ್ಮನ್ನು ಮರೆತೇಬಿಟ್ಟರು. ಮಸಿ ಮೆತ್ತಿದ ಕೈ ನಮ್ಮ ಮನೆಗೆ ಬೇಡ ಅಂತಾರೆ," ಎಂದ.

ಹಟ್ಟಿಯ ಮರಿಗಳು ಬೇರು ಅಗಿದು ಮಲಗುತ್ತಿದ್ದವು. ಒಂದು ದಿನ ನರಿಯ ಎದುರಿಗೇ ದ್ಯಾವಮ್ಮನ ತಮ್ಮ ಕರಿಬಸ್ಯ ಸಿಟ್ಟಿಗೆದ್ದ. "ನಾಳೆ ಹಳೆ ಸುರಂಗ ತೆಗೆಯೋಣ ಅಕ್ಕ. ಕಲ್ಲಿದ್ದಲು ಬೇಕು ಅನ್ನೋರು ಯಾರಾದರೂ ಸಿಕ್ಕೇ ಸಿಗ್ತಾರೆ."

"ಒಳಗಿನ ಕಂಬಗಳು ಕೊಳೆತಿವೆ ಕಣೋ."

"ಇಲ್ಲಿ ಕೂತರೂ ಸಾಯೋದೇ."

ಇದನ್ನು ಕೇಳಿ ನರಿಯ ಮುಖ ಬಿಳಚಿಕೊಂಡಿತು. "ಅಲ್ಲಿಗೆ ಹೋಗಬೇಡಿ, ಜೀವಕ್ಕೆ ಅಪಾಯ," ಎಂದು ಎರಡೆರಡು ಸಲ ಹೇಳಿ ಹೊರಟುಹೋದ. ಇಷ್ಟು ದಿನ ಇಲ್ಲದ ಕಾಳಜಿ ಈಗ ಎಲ್ಲಿಂದ ಬಂತು ಎಂದು ದ್ಯಾವಮ್ಮನಿಗೆ ಅನಿಸಿತು.

ಮರುದಿನ ಬಿಸಿಲೇರುವಾಗ ಹೆಗ್ಗಣಗಳು ಸುರಂಗದ ಬಳಿ ಬಂದವು. ಬಾಯಿಗಿಟ್ಟ ಬಂಡೆ ಆಗಲೇ ಸರಿದಿತ್ತು. ಅಷ್ಟರಲ್ಲಿ ಒಳಗೆ ಗುಡುಗಿನಂಥ ಸದ್ದಾಯಿತು. ಕರಿ ಧೂಳು ಹೊರಗೆ ನುಗ್ಗಿತು. ಅದರ ಹಿಂದೆಯೇ ಯಾರೋ ನರಳುವುದು ಕೇಳಿಸಿತು.

"ಹೋಗಬೇಡ ಅಕ್ಕ. ಇನ್ನೊಂದು ಸಲ ಕುಸಿದರೆ ನೀನೂ ಇಲ್ಲ," ಎಂದ ಕರಿಬಸ್ಯ.

"ಒಳಗೆ ಸಿಕ್ಕಿಕೊಂಡವರನ್ನು ಬಿಟ್ಟು ಬಂದವರು ನಮ್ಮಲ್ಲಿ ಯಾರಿದ್ದಾರೆ?" ಎಂದು ದ್ಯಾವಮ್ಮ ಒಳಗೆ ನುಸುಳಿದಳು.

ಹೊಟ್ಟೆ ನೆಲಕ್ಕೆ ತಾಗಿಸಿ ತೆವಳಿದಳು. ಹೆಜ್ಜೆಗೊಮ್ಮೆ ನಿಂತು ಕಿವಿಗೊಟ್ಟಳು. ಮೇಲಿನಿಂದ ಮಣ್ಣು ಉದುರುತ್ತಲೇ ಇತ್ತು. ಕುಸಿದ ಮಣ್ಣನ್ನು ಉಗುರಿನಿಂದ ಕೆದರಿದಾಗ ಕಂಬದಡಿ ಕಾಲು ಮುರಿದು ಸಿಕ್ಕಿಬಿದ್ದ ನರಿ ಕಂಡ. ಅವನ ಸುತ್ತ ಗೆಣಸಿನ ರಾಶಿ, ಬಿದಿರಕ್ಕಿಯ ಬುಟ್ಟಿಗಳು; ಹಟ್ಟಿಗೆ ಬರಬೇಕಿದ್ದ ಪಾಲನ್ನೆಲ್ಲ ಅವನು ಇಲ್ಲೇ ಬಚ್ಚಿಟ್ಟಿದ್ದ. ಹೆಗ್ಗಣಗಳು ಬರುವ ಮೊದಲೇ ಅವನ್ನು ಬೇರೆಡೆ ಸಾಗಿಸಲು ಬಂದು ಎಳೆದಾಡುವಾಗ ಕಂಬಕ್ಕೆ ಬುಟ್ಟಿ ತಗುಲಿ ಚಾವಣಿ ಬಿದ್ದಿತ್ತು.

ದ್ಯಾವಮ್ಮನ ಕೈ ನಿಂತಿತು. ಬೇರು ಅಗಿಯುವ ಮರಿಗಳು ಕಣ್ಮುಂದೆ ಬಂದವು.

"ಬಿಟ್ಟು ಹೋಗಬೇಡ ಅಕ್ಕ," ಎಂದ ನರಿ.

ಅವಳು ತಿರುಗಿ ಎರಡು ಹೆಜ್ಜೆ ಇಟ್ಟೂ ಬಿಟ್ಟಳು. ಮೇಲೆ ಚಾವಣಿ ಲಟಲಟ ಎಂದಿತು. ಮತ್ತೆ ಹಿಂದೆ ಬಂದು, ಕಂಬದಡಿಯ ಮಣ್ಣು ತೋಡಿ, ನರಿಯ ಕುತ್ತಿಗೆ ಕಚ್ಚಿ ಹೊರಗೆಳೆದಳು. ಅವರು ಬೆಳಕಿಗೆ ಬಿದ್ದದ್ದೇ ತಡ, ಸುರಂಗ ಪೂರ್ತಿ ಕುಸಿಯಿತು. ಅಷ್ಟಾದರೂ ನರಿ ಒಂದು ಬುಟ್ಟಿಯನ್ನು ಬಿಗಿಹಿಡಿದೇ ಇದ್ದ.

ಸದ್ದು ಕೇಳಿ ಭದ್ರಮ್ಮ ಓಡಿ ಬಂದಳು. ಬುಟ್ಟಿ ಅವಳೇ ತುಂಬಿ ಕಳಿಸಿದ್ದು. "ನೀವು ಉಂಡು ಸುಖವಾಗಿದ್ದೀರಿ, ಕೆಲಸ ಬೇಡ ಎಂದಿರಿ ಅಂತ ಇವನು ಹೇಳಿದ. ನಾನು ನಂಬಿದೆ."

"ಒಂದು ಸಲ ಹಟ್ಟಿಗೆ ಬಂದು ನಮ್ಮನ್ನೇ ಕೇಳಬಹುದಿತ್ತಲ್ಲ ಅಮ್ಮ," ಎಂದಳು ದ್ಯಾವಮ್ಮ.

ಭದ್ರಮ್ಮ ತಲೆ ತಗ್ಗಿಸಿದಳು.

ಅಂದೇ ನರಿಯನ್ನು ಕಾಡಿನಿಂದ ಹೊರಹಾಕಿದರು. ಮುರಿದ ಕಾಲೆಳೆಯುತ್ತ ಅವನು ಒಬ್ಬನೇ ಹೋದ. ಸಂಜೆಯೊಳಗೆ ಭದ್ರಮ್ಮ ತಾನೇ ಗೆಣಸು ಹೊತ್ತು ಹಟ್ಟಿಗೆ ಬಂದಳು. ಮರಿಗಳು ಉಂಡು ಮುಗಿಸುವವರೆಗೂ ಕದಲಲಿಲ್ಲ. ಚಳಿ ಬೀಳುವ ಮೊದಲು ಕರಡಿಯ ಗವಿಯಲ್ಲಿ ದ್ಯಾವಮ್ಮ ಮೊದಲ ಗುಂಡಿ ತೋಡಿದಳು. ಎಷ್ಟು ಆಳ ತೋಡಬೇಕೆಂದು ಕೇಳಲು ಕಾಡಿನವರು ಅವಳ ಬಾಗಿಲಿಗೇ ಬರತೊಡಗಿದರು.

ನೀತಿ: ಎಲ್ಲರ ಒಳಿತಿಗಾಗಿ ಕೆಲವರ ಕಸುಬು ನಿಲ್ಲಿಸಿದಾಗ ಅವರ ಬದುಕಿನ ಹೊಣೆ ಎಲ್ಲರದೂ ಆಗುತ್ತದೆ, ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಮರೆಯಬಾರದು.